ಮಾರ್ಗಳಿ ತಿಂಗಳಲ್ಲಿ ಮದರಾಸು

ಚೆನ್ನೈಯಲ್ಲೂ ಚಳಿಗಾಲ ಇದೆ ಅಂದರೆ ಊರಿನ ನೆಂಟರು ನಗುತ್ತಾರೆ. "ಅಲ್ಲಿ ಮೂರೇ ಕಾಲ ಮಾರಾಯ್ರೆ, ಸೆಖೆ, ಜೋರು ಸೆಖೆ, ಮತ್ತೆ ತಡೆಯಲಾಗದ ಸೆಖೆ" ಎಂಬ ಹಳೇ ಜೋಕನ್ನು ಪ್ರತಿ ಮದುವೆ ಮನೆಯಲ್ಲೂ ಯಾರಾದರೂ ಒಬ್ಬರು ನನಗೆ ಹೇಳಿಯೇ ಹೇಳುತ್ತಾರೆ. ಆದರೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ, ನಾವು ಧನುರ್ಮಾಸ ಎನ್ನುವ, ಇಲ್ಲಿಯವರು ಮಾರ್ಗಳಿ ಎನ್ನುವ ಒಂದು ತಿಂಗಳು ಈ ಊರು ಬೇರೆಯೇ ಆಗಿರುತ್ತದೆ. ಮಳೆ ನಿಂತಿರುತ್ತದೆ. ಬೆಳಗಿನ ಜಾವ ಉಷ್ಣಾಂಶ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಷ್ಟಕ್ಕೇ ಇಲ್ಲಿಯ ಜನ ಮಂಕಿ ಕ್ಯಾಪು, ಮಫ್ಲರು ಹೊರತೆಗೆಯುತ್ತಾರೆ. ಪುತ್ತೂರಿನ ಕಡೆಯವನಾದ ನನಗೆ ಅದು ಚಳಿಯೇ ಅಲ್ಲ, ನಡೆಯುವುದಕ್ಕೆ ಹೇಳಿ ಮಾಡಿಸಿದ ಹವೆ.

ಬ್ಯಾಂಕಿನ ಕೊನೆಯ ಪೋಸ್ಟಿಂಗ್ ಚೆನ್ನೈಗೆ ಆಯಿತು. ರಿಟೈರ್ ಆದ ಮೇಲೆ ಮಗನ ಕೆಲಸವೂ ಇಲ್ಲೇ ಇದ್ದುದರಿಂದ ಇಲ್ಲೇ ಉಳಿದೆವು. ಮನೆ ಕೋಯಂಬೇಡಿನಲ್ಲಿ, ಬಸ್ ನಿಲ್ದಾಣದ ಹಾರ್ನ್ ಕೇಳುವಷ್ಟು ದೂರದಲ್ಲಿ. ಎಂ.ಕಾಂ. ಓದಿದವನಿಗೂ ಇತಿಹಾಸಕ್ಕೂ ಏನು ಸಂಬಂಧ ಎಂದು ಕೇಳಬೇಡಿ. 36 ವರ್ಷ ಲೆಡ್ಜರು ನೋಡಿದವನಿಗೆ ಯಾವ ಖಾತೆಯಿಂದ ಯಾವ ಖಾತೆಗೆ ಏನು ಹೋಯಿತು ಎಂದು ಹುಡುಕುವ ಚಟ ಇದ್ದೇ ಇರುತ್ತದೆ. ಮಾರ್ಗಳಿ ಬಂದರೆ ನಾನು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನಡೆಯಲು ಹೊರಡುತ್ತೇನೆ. ಹೀಗೆ ನಡೆದು ನಡೆದು ಕಂಡುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಚೆನ್ನೈಗೆ ಬಂದವರಿಗೆ ಕೋಯಂಬೇಡು ಎಂದರೆ ಕಣ್ಣುಜ್ಜಿಕೊಳ್ಳುತ್ತಾ ಇಳಿದು, ಆಟೋದವನ ಹತ್ತಿರ ಚೌಕಾಸಿ ಮಾಡಿದ ಜಾಗ. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ. ಸುಮಾರು 37 ಎಕರೆಯ ಆ ಬಸ್ ನಿಲ್ದಾಣ ಶುರುವಾದದ್ದು 2002ರ ನವೆಂಬರಿನಲ್ಲಿ. 2023ರ ಡಿಸೆಂಬರ್ 30ರಂದು ಕಿಲಾಂಬಾಕ್ಕಂ ನಿಲ್ದಾಣ ತೆರೆದ ಮೇಲೆ ದಕ್ಷಿಣದ ಊರುಗಳ ಬಸ್ಸುಗಳು ಅಲ್ಲಿಗೆ ಹೋದವು. 2002ಕ್ಕೆ ಮುಂಚೆ ಹೊರಊರಿನ ಬಸ್ಸುಗಳು ಹೊರಡುತ್ತಿದ್ದದ್ದು ಸಮುದ್ರದ ಬದಿಯ ಜಾರ್ಜ್ ಟೌನಿನ ಬ್ರಾಡ್‌ವೇ, ಪ್ಯಾರೀಸ್ ಕಾರ್ನರಿನಿಂದ. ಹಾಗೆಯೇ ಇಲ್ಲಿಯ ತರಕಾರಿ ಮಾರುಕಟ್ಟೆ. ಅದು 1996ರಲ್ಲಿ ಬಂದದ್ದು ಕೊತ್ತವಾಲ್ ಚಾವಡಿಯಿಂದ, ಅದೂ ಜಾರ್ಜ್ ಟೌನೇ. ಅಂದರೆ ಹಳೇ ಮದರಾಸಿನ ಎರಡು ದೊಡ್ಡ ಖಾತೆಗಳು ಆರು ವರ್ಷಗಳ ಅಂತರದಲ್ಲಿ ಕೋಯಂಬೇಡಿಗೆ ವರ್ಗವಾಗಿವೆ. ಇಲ್ಲಿಂದ ಪೂನಮಲ್ಲಿ ಹೈ ರೋಡಿನಲ್ಲಿ ಪೂರ್ವಕ್ಕೆ ನಡೆಯುತ್ತಾ ಹೋದರೆ ಹತ್ತು ಹನ್ನೊಂದು ಕಿಲೋಮೀಟರಿನಲ್ಲಿ ಹೈಕೋರ್ಟು, ಕೋಟೆ, ಜಾರ್ಜ್ ಟೌನು ಸಿಗುತ್ತವೆ. ಆ ದಾರಿಯುದ್ದಕ್ಕೂ ಕಾಲ ಹಿಂದಕ್ಕೆ ಹೋಗುತ್ತದೆ. ಹಿಂದೆ ಹೋದಷ್ಟೂ ಅಲ್ಲಿ ನಮ್ಮವರ ಹೆಸರುಗಳೇ ಸಿಗುತ್ತವೆ. ನನ್ನ ಅಜ್ಜನ ಪಾಲಿಗೆ ಇದು ಪರಊರಲ್ಲ, ರಾಜಧಾನಿ.

ಅದಿರಲಿ, ಮೊದಲು ಮಾರುಕಟ್ಟೆಗೆ ಬನ್ನಿ. ನಸುಕಿನಲ್ಲಿ ಅದು ಅರ್ಧ ವ್ಯಾಪಾರ ಮುಗಿಸಿರುತ್ತದೆ. ಬಾಳೆ ಎಲೆ, ಸೇವಂತಿಗೆ, ಕೊತ್ತಂಬರಿಯ ವಾಸನೆ, ಕಾಲ ಕೆಳಗೆ ಕೊಳೆತ ಎಲೆಕೋಸಿನ ಎಸಳು, "ವಳಿ, ವಳಿ" ಎಂದು ದಾರಿ ಕೇಳುತ್ತಾ ತಲೆಯ ಮೇಲೆ ಮೂಟೆ ಹೊತ್ತು ಓಡುವವರು. ಸಾಲಾಗಿ ನಿಂತ ಲಾರಿಗಳ ನಂಬರ್ ಪ್ಲೇಟು ನೋಡಿದರೆ ಕೆಎ 07, ಅಂದರೆ ಕೋಲಾರ. ಟೊಮೆಟೊ ಕ್ರೇಟುಗಳನ್ನು ಇಳಿಸಿ ಚಹಾ ಕುಡಿಯುತ್ತಿದ್ದ ಒಬ್ಬ ಡ್ರೈವರನನ್ನು ಕನ್ನಡದಲ್ಲಿ ಮಾತಾಡಿಸಿದೆ. ಆತ ಒಂದು ಕ್ಷಣ ನನ್ನ ಮುಖ ನೋಡಿದ.

"ಇಲ್ಲೇ ಇರ್ತೀರಾ ಸಾರ್? ಶಾನೆ ದಿನದಿಂದಲೂನಾ?"

"ಹೌದಪ್ಪ. ನಿನ್ನದು ಯಾವೂರು?"

"ಶ್ರೀನಿವಾಸಪುರದ ತಾವ ಸಾರ್. ನಮ್ಮಪ್ಪಾನೂ ಲಾರಿನೇ. ಅವಾಗ ಹಾರ್ಬರ್ ತಾವಿದ್ದ ಮಾರ್ಕೆಟ್‌ಗೆ ಹೊಡೀತಿದ್ದ. ಗಲ್ಲಿ ಒಳಗೆ ಲಾರಿ ಹೋಗಕಾಯ್ತಿರಲಿಲ್ಲ, ತಳ್ಳೋ ಗಾಡೀಲಿ ಹೊತ್ಕೊಂಡು ಹೋಗ್ತಿದ್ರಂತೆ."

ಅಪ್ಪನ ಕಾಲದ ಕೊತ್ತವಾಲ್ ಚಾವಡಿ ಅವನ ಬಾಯಲ್ಲಿ 'ಹಾರ್ಬರ್ ತಾವಿದ್ದ ಮಾರ್ಕೆಟ್'. ಸರಕು ಅದೇ, ಸರಕು ಬರುವ ಊರೂ ಅದೇ, ಇಳಿಸುವ ಜಾಗ ಮಾತ್ರ ಬೇರೆ. 2020ರ ಮೇ ತಿಂಗಳಲ್ಲಿ ಕೊರೊನಾ ಹಬ್ಬಿದ್ದು ಇಲ್ಲಿಂದಲೇ ಎಂದು ಮಾರುಕಟ್ಟೆ ಮುಚ್ಚಿ, ವ್ಯಾಪಾರವನ್ನು ತಿರುಮಳಿಸೈಗೆ ಸಾಗಿಸಿದ್ದರು. ಆಗ ಕೆಲವು ತಿಂಗಳು ಇಡೀ ಕೋಯಂಬೇಡು ವಾಸನೆಯೇ ಇಲ್ಲದ ಊರಾಗಿತ್ತು. ನನ್ನ ಹೆಂಡತಿ ಅದನ್ನು ಈಗಲೂ ಒಳ್ಳೆಯ ದಿನಗಳು ಎನ್ನುತ್ತಾಳೆ.

ಬಸ್ಸು, ಟೊಮೆಟೊ ಎರಡೂ ಹೊಸತು. ಆದರೆ ಕೋಯಂಬೇಡು ಎಂಬ ಹಳ್ಳಿ ಮದರಾಸಿಗಿಂತ ಹಳೆಯದು. ಮಾರುಕಟ್ಟೆಯ ಗದ್ದಲದಿಂದ ಸ್ವಲ್ಪ ದೂರದಲ್ಲಿ ಕುರುಂಗಾಲೀಶ್ವರನ ಗುಡಿ, ಅದರ ಪಕ್ಕದಲ್ಲೇ ವೈಕುಂಠವಾಸ ಪೆರುಮಾಳ್ ಗುಡಿ, ಎರಡಕ್ಕೂ ಒಂದು ಕೆರೆ. ಚೋಳರ ಕಾಲದ ಜಾಗ. ಎದುರಿಗೆ ಹದಿನಾರು ಕಂಬದ ಮಂಟಪ, ಕಂಬಗಳ ಮೇಲೆ ರಾಮಾಯಣದ ಚಿತ್ರಗಳು. ಸ್ಥಳಪುರಾಣದ ಪ್ರಕಾರ ಲವ ಕುಶರು ರಾಮನ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ್ದು ಇಲ್ಲಿ. ತಂದೆಯ ಮೇಲೆ ಬಾಣ ಬಿಟ್ಟ ಪಾಪ ಕಳೆಯಲು ಈ ಲಿಂಗವನ್ನು ಪೂಜಿಸಿದರಂತೆ. ಮಾರ್ಗಳಿಯಲ್ಲಿ ಬೆಳಿಗ್ಗೆ ಐದಕ್ಕೆ ಒಂದು ಗುಡಿಯಲ್ಲಿ ತಿರುವೆಂಬಾವೈ, ಇನ್ನೊಂದರಲ್ಲಿ ತಿರುಪ್ಪಾವೈ, ನಡುವಿನ ಬೀದಿಯಲ್ಲಿ ಹೆಂಗಸರು ರಂಗೋಲಿ ಹಾಕಿ ಅದರ ನಡುವೆ ಸಗಣಿಯ ಉಂಡೆಗೆ ಕುಂಬಳದ ಹೂ ಸಿಕ್ಕಿಸುತ್ತಿರುತ್ತಾರೆ. ಪ್ರಸಾದ ಬಿಸಿ ಪೊಂಗಲ್, ನಮ್ಮ ಧನುರ್ಮಾಸದ ಹುಗ್ಗಿಯ ತಮ್ಮ.

ಓದುಗರಲ್ಲಿ ಕೋಲಾರದ ಕಡೆಯವರಿದ್ದರೆ ಈ ಹೊತ್ತಿಗೆ ಆಕ್ಷೇಪ ಎತ್ತಿರುತ್ತಾರೆ. ಯಾಕೆಂದರೆ ಲವ ಕುಶರು ಹುಟ್ಟಿದ್ದು, ರಾಮನ ಸೈನ್ಯದ ಎದುರು ನಿಂತದ್ದು ಮುಳಬಾಗಿಲಿನ ಹತ್ತಿರದ ಆವನಿಯಲ್ಲಿ ಎಂದು ಅಲ್ಲಿಯ ಪುರಾಣ. ನೊಳಂಬರ ಕಾಲದ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು ಅಲ್ಲಿ ಸಾಲಾಗಿವೆ, ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ಆವನಿ ಇರುವುದೂ ಬೆಂಗಳೂರು–ಚೆನ್ನೈ ದಾರಿಯ ಪಕ್ಕದಲ್ಲೇ. ಒಂದೇ ಕುದುರೆ ಎರಡು ಕಡೆ ಕಟ್ಟಿಹಾಕಿಸಿಕೊಂಡಿದೆ. ಯಾವುದು ನಿಜ ಎಂದು ತೀರ್ಪು ಕೊಡುವ ಉಸಾಬರಿ ನನಗೆ ಬೇಡ. ಟೊಮೆಟೊ ಬರುವ ದಾರಿಯಲ್ಲೇ ಕಥೆಯೂ ಎಂದೋ ಓಡಾಡಿದೆ ಎಂಬುದಷ್ಟೇ ನನಗೆ ಕಂಡದ್ದು.

ಪೂರ್ವಕ್ಕೆ ಹೊರಡುವ ಮುಂಚೆ ಒಂದು ದಿನ ದಕ್ಷಿಣಕ್ಕೂ ಹೋಗಿ ಬನ್ನಿ. ನೂರಡಿ ರಸ್ತೆಯಲ್ಲಿ ಮುಕ್ಕಾಲು ಗಂಟೆ ನಡೆದರೆ ವಡಪಳನಿ. 1954ರಲ್ಲಿ ಬಿಡುಗಡೆಯಾದ 'ಬೇಡರ ಕಣ್ಣಪ್ಪ' ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಮತ್ತು ಇಲ್ಲಿಯ ಎವಿಎಂ ಸೇರಿ ತೆಗೆದ ಚಿತ್ರ. ಮುತ್ತುರಾಜ ಎಂಬ ನಾಟಕದ ಹುಡುಗ ರಾಜ್‌ಕುಮಾರ್ ಆದದ್ದು ಅದರಲ್ಲಿ. ಆಮೇಲೆ ಎರಡು ದಶಕ ಕನ್ನಡ ಸಿನಿಮಾದ ಸ್ಟುಡಿಯೊ, ಲ್ಯಾಬು, ರೆಕಾರ್ಡಿಂಗು, ಬಹುಪಾಲು ಇಲ್ಲೇ. ಕಲಾವಿದರ ಸಂಸಾರಗಳೂ ಇಲ್ಲೇ. ಶಿವರಾಜ್‌ಕುಮಾರ್ 1962ರಲ್ಲಿ, ಪುನೀತ್ 1975ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ನಮ್ಮ ಸರ್ಕಾರ 1960ರ ದಶಕದ ಕೊನೆಗೆ ಸಬ್ಸಿಡಿ ಕೊಡಲು ಶುರುಮಾಡಿದ ಮೇಲೆ, ಬೆಂಗಳೂರಿನಲ್ಲಿ ಸ್ಟುಡಿಯೊಗಳಾದ ಮೇಲೆ ಒಬ್ಬೊಬ್ಬರೇ ಗಂಟು ಕಟ್ಟಿದರು. ವಿಜಯಾ ವಾಹಿನಿ ಸ್ಟುಡಿಯೊ ಇದ್ದ ಜಾಗದಲ್ಲಿ ಈಗ ದೊಡ್ಡ ಮಾಲ್. ಅಲ್ಲಿ ನಿಂತು ನಾನು ಹಳೇ ಕನ್ನಡ ಹಾಡು ಗುನುಗಿದರೆ ಸೆಕ್ಯೂರಿಟಿಯವನು ಅನುಮಾನದಿಂದ ನೋಡುತ್ತಾನೆ.

ಈಗ ಪೂರ್ವಕ್ಕೆ. ಪೂನಮಲ್ಲಿ ಹೈ ರೋಡಿಗೆ ಈಗ ಪೆರಿಯಾರ್ ಈವೆರಾ ಸಾಲೈ ಎಂಬ ಹೆಸರು. ಮದರಾಸಿನಿಂದ ಪಶ್ಚಿಮಕ್ಕೆ, ಘಟ್ಟ ಹತ್ತಿ ಬೆಂಗಳೂರು, ಶ್ರೀರಂಗಪಟ್ಟಣದ ಕಡೆಗೆ ಹೋಗಬೇಕಾದವರು ಹಿಂದಿನಿಂದಲೂ ಹಿಡಿದ ದಿಕ್ಕು ಇದು. ಆ ದಿಕ್ಕಿನಿಂದ ಬಂದವರೆಲ್ಲ ವ್ಯಾಪಾರಿಗಳೇ ಅಲ್ಲ. 1769ರಲ್ಲಿ ಹೈದರಾಲಿ ಕಂಪನಿಯ ಸೈನ್ಯವನ್ನು ದೂರದಲ್ಲೇ ಅಲೆದಾಡಲು ಬಿಟ್ಟು, ಸುಮಾರು 6,000 ಕುದುರೆ ಸವಾರರ ಜೊತೆ ಮೂರೂವರೆ ದಿನದಲ್ಲಿ 130 ಮೈಲಿ ದಾಟಿ ಪರಂಗಿಮಲೆಗೆ, ಅಂದರೆ ಸೇಂಟ್ ಥಾಮಸ್ ಮೌಂಟಿಗೆ, ಬಂದು ನಿಂತ. ಕೋಟೆಯೊಳಗಿನ ಗವರ್ನರನಿಗೆ ಮಾತುಕತೆಗೆ ಕೂರದೆ ಗತಿಯಿರಲಿಲ್ಲ. ಆ ಏಪ್ರಿಲ್‌ನಲ್ಲಿ ಆದದ್ದೇ ಮದರಾಸು ಒಪ್ಪಂದ. ಒಬ್ಬರ ಮೇಲೆ ಬೇರೆಯವರು ಬಿದ್ದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂಬ ಷರತ್ತು ಅದರಲ್ಲಿತ್ತು. ಸ್ವಲ್ಪ ಕಾಲದಲ್ಲೇ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಸುಮ್ಮನೆ ಕೂತಿತು. ಗ್ಯಾರಂಟಿ ಬರೆದುಕೊಟ್ಟವನು ಹಣ ಕಟ್ಟುವ ದಿನ ಕೈಯೆತ್ತುವುದನ್ನು ನಾನೂ ಸರ್ವಿಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಹೈದರನಂತೂ ಅದನ್ನು ಮರೆಯಲಿಲ್ಲ. 1780ರಲ್ಲಿ ಮತ್ತೆ ಇಳಿದು ಬಂದಾಗ ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಕಂಪನಿಯ ಒಂದು ಇಡೀ ದಳವೇ ಹೋಯಿತು. ಕೋಯಂಬೇಡಿನಿಂದ ಚೆನ್ನೈಯ ಮೊದಲ ಮೆಟ್ರೋ 2015ರ ಜೂನ್ 29ರಂದು ಹೊರಟು ಮುಟ್ಟಿದ್ದು ಆಲಂದೂರನ್ನು, ಅದೇ ಪರಂಗಿಮಲೆಯ ಬುಡಕ್ಕೆ. ಆ ರೈಲಿನಲ್ಲಿ ಕೂತಾಗಲೆಲ್ಲ ನನಗೆ ಆ ಆರು ಸಾವಿರ ಕುದುರೆಗಳ ನೆನಪು.

ಇನ್ನೊಂದು ಪ್ರಯಾಣ ಇದಕ್ಕಿಂತ ಮನಸ್ಸಿಗೆ ನಾಟುವಂಥದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಮೇಲೆ ಹೇರಿದ ದಂಡ 3 ಕೋಟಿ 30 ಲಕ್ಷ ರೂಪಾಯಿ. ಅರ್ಧ ತಕ್ಷಣ, ಉಳಿದರ್ಧ ಮೂರು ಕಂತಿನಲ್ಲಿ. ಅಷ್ಟರವರೆಗೆ ಒತ್ತೆಗೆ ಅವನ ಇಬ್ಬರು ಗಂಡು ಮಕ್ಕಳು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಮಕ್ಕಳೇ ಸೆಕ್ಯೂರಿಟಿ. ಆ ಹುಡುಗರು ಮದರಾಸಿಗೆ ಬಂದು, ಸಾಲ ತೀರಿ, 1794ರಲ್ಲಿ ವಾಪಸು ಹೋದರು. ಕಾರ್ನ್‌ವಾಲಿಸ್ ಅವರನ್ನು ಕೈಹಿಡಿದು ಬರಮಾಡಿಕೊಳ್ಳುವ ಚಿತ್ರಗಳು ಇಂಗ್ಲೆಂಡಿನಲ್ಲಿ ಬಹಳ ಮಾರಾಟವಾದವು. ಎರಡು ವರ್ಷ ಈ ಊರಿನ ಸೆಖೆಯಲ್ಲಿ ಆ ಮಕ್ಕಳು ಯಾವ ಭಾಷೆಯಲ್ಲಿ ಅತ್ತರೋ, ಅದನ್ನು ಯಾರೂ ಬರೆದಿಡಲಿಲ್ಲ.

ಅರುಂಬಾಕ್ಕಂ, ಅಮಿಂಜಿಕರೆ, ಕೀಳ್ಪಾಕ್ ದಾಟುವಾಗ ಬೆಳಕು ಹರಿಯುತ್ತದೆ. ಈ ಭಾಗದಲ್ಲಿ ಹೇಳುವಂಥದೇನೂ ಇಲ್ಲ. ಮೇಲ್ಸೇತುವೆ, ಆಸ್ಪತ್ರೆ, ಮದುವೆ ಹಾಲು, ಎಡಕ್ಕೆ ಎಲ್ಲೋ ಕೂವಂ ನದಿಯ ನಾತ. ಎಗ್ಮೋರ್ ಹತ್ತಿರವಾದಾಗ ನಾನು ಒಂದು ಕಡೆ ನಿಲ್ಲುತ್ತೇನೆ. ದಾಸಪ್ರಕಾಶ್ ಹೋಟೆಲು ಇದ್ದ ಜಾಗ. ಕುತ್ತೆತ್ತೂರು ಸೀತಾರಾಮ ರಾಯರು 1954ರಲ್ಲಿ ಕಟ್ಟಿಸಿದ್ದು. ಸಸ್ಯಾಹಾರದ ಹೋಟೆಲೂ ಅರಮನೆಯ ಹಾಗೆ ಇರಬಹುದು ಎಂದು ಮದರಾಸಿಗೆ ತೋರಿಸಿಕೊಟ್ಟ ಕಟ್ಟಡ, ಐಸ್‌ಕ್ರೀಮಿಗೆ ಹೆಸರುವಾಸಿ. ಈಗ ಆ ಕಟ್ಟಡವಿಲ್ಲ. ಅದೇ ವರ್ಷ ಮದರಾಸಿಗೆ ಬಂದಿದ್ದ ನಮ್ಮ ಅಜ್ಜ ಅದನ್ನು "ಹೊರಗಿಂದ ನೋಡಿ ಬಂದೆ, ಒಳಗೆ ಹೋಗಲಿಕ್ಕೆ ಮುಂಡಾಸು ಸರಿ ಇರಲಿಲ್ಲ" ಎನ್ನುತ್ತಿದ್ದರು.

ಮದರಾಸಿನ ಉಡುಪಿ ಹೋಟೆಲುಗಳ ಕಥೆ ಎಂದರೆ ಮುಖ್ಯವಾಗಿ ಕಡಂದಲೆಯ ಕೃಷ್ಣ ರಾಯರ ಕಥೆ. ಮಾಣಿಯಾಗಿ ದುಡಿಯುತ್ತಾ ಬಂದು, ಜಾರ್ಜ್ ಟೌನಿನಲ್ಲಿ ಸಣ್ಣ ಹೋಟೆಲು ನಡೆಸಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಆಮೇಲೆ ಮೈಲಾಪುರದಲ್ಲಿ ನ್ಯೂ ವುಡ್‌ಲ್ಯಾಂಡ್ಸ್. 1962ರಲ್ಲಿ ಕತೀಡ್ರಲ್ ರಸ್ತೆಯಲ್ಲಿ, ಮರಗಳ ನೆರಳಿನಲ್ಲಿ ಕಾರಿನಲ್ಲೇ ಕೂತು ದೋಸೆ ತಿನ್ನುವ ಡ್ರೈವ್ ಇನ್. ಅದು 2008ರಲ್ಲಿ ಮುಚ್ಚಿತು. ಜಾಗ ಸರ್ಕಾರದ ಕೈಗೆ ಬಂದು 2010ರಲ್ಲಿ 'ಸೆಮ್ಮೊಳಿ ಪೂಂಗಾ' ಎಂಬ ಉದ್ಯಾನ ಆಯಿತು. ಸೆಮ್ಮೊಳಿ ಎಂದರೆ ಶಾಸ್ತ್ರೀಯ ಭಾಷೆ, ಇಲ್ಲಿ ತಮಿಳು. ಕನ್ನಡಕ್ಕೆ ಆ ಸ್ಥಾನ ಸಿಕ್ಕಿದ್ದು 2008ರಲ್ಲೇ. ಕನ್ನಡಕ್ಕೆ, ತೆಲುಗಿಗೆ ಅದನ್ನು ಕೊಟ್ಟದ್ದು ಸರಿಯಲ್ಲ ಎಂದು ಮೊಕದ್ದಮೆ ಹೂಡಿದ್ದು ಮದರಾಸು ಹೈಕೋರ್ಟಿನಲ್ಲಿ. 2016ರ ಆಗಸ್ಟಿನಲ್ಲಿ ಅದು ಇತ್ಯರ್ಥವಾಗಿ ಸ್ಥಾನ ಉಳಿಯಿತು.

ಮುಂದಿನ ತಿಂಗಳೇ ಕಾವೇರಿ ಗಲಾಟೆ. 2016ರ ಸೆಪ್ಟೆಂಬರ್ 12ರ ನಸುಕಿನಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಮೇಲೆ ಪೆಟ್ರೋಲ್ ಬಾಂಬು ಎಸೆದರು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಸುಟ್ಟು ಬೂದಿಯಾದವು. ಯಾರು ಮೊದಲು, ಯಾರು ಹೆಚ್ಚು ಎಂಬ ಲೆಕ್ಕವನ್ನು ಎರಡೂ ಕಡೆಯ ಟಿವಿಗಳು ವಾರಗಟ್ಟಲೆ ಹಾಕಿದವು. ನಾನು ಹಾಕುವುದಿಲ್ಲ. ಕೋಯಂಬೇಡಿನಲ್ಲಿ ಬೆಂಗಳೂರು ಬಸ್ಸುಗಳು ನಿಲ್ಲುವ ಜಾಗ ಖಾಲಿ ಬಿದ್ದಿತ್ತು. ತವರಿಗೆ ಹೊರಟ ಒಬ್ಬ ತಾಯಿ ಎರಡು ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಬೆಂಚಿನ ಮೇಲೆ ರಾತ್ರಿ ಕಳೆದದ್ದನ್ನು ನಾನು ಕಂಡಿದ್ದೇನೆ. ಆಕೆ ತಮಿಳು ಹೆಂಗಸು, ಹೋಗಬೇಕಾದದ್ದು ಬೆಂಗಳೂರಿನ ಶ್ರೀರಾಂಪುರಕ್ಕೆ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ನಾಲ್ಕು ದಿನ ಫೋನಿನಲ್ಲಿ ಮನೆಯೊಳಗೇ ಮಾತಾಡಿ, ಗೇಟಿನ ಹತ್ತಿರ ಬೇಡ" ಎಂದ. ಹೆದರಿಸಲು ಹೇಳಿದ್ದಲ್ಲ, ಕಾಳಜಿಯಿಂದಲೇ ಹೇಳಿದ್ದು. ಆದರೂ ಆ ನಾಲ್ಕು ದಿನ ಮಗಳ ಹತ್ತಿರ ಮಾತಾಡುವಾಗ ಬಾಗಿಲು ಹಾಕಿಕೊಂಡದ್ದು ನೆನಪಿದೆ. ನನ್ನ ಅಜ್ಜ ಇದೇ ಊರಿನ ಬೀದಿಯಲ್ಲಿ ನಿಂತು ಕನ್ನಡದಲ್ಲಿ, ತುಳುವಿನಲ್ಲಿ ಗಟ್ಟಿಯಾಗಿ ಜಗಳವಾಡಿದ್ದವರು.

ಅಜ್ಜನ ವಿಷಯಕ್ಕೆ ಬರುತ್ತೇನೆ. 1956ಕ್ಕೆ ಮುಂಚೆ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು ಎಂದು ಶಾಲೆಯಲ್ಲಿ ಓದಿರುತ್ತೀರಿ. ಹಳೇ ಮೈಸೂರಿನವರಿಗೆ ಅದು ಪಾಠ ಮಾತ್ರ. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲದವರಿಗೆ ಅದು ಮನೆಯ ವಿಷಯ. ನಮ್ಮ ಜಿಲ್ಲೆ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಕೈಗೆ ಬಂದು, ಒಂದೂವರೆ ಶತಮಾನ ಮದರಾಸಿನ ಅಧೀನದಲ್ಲಿತ್ತು. ನಮ್ಮ ಕಲೆಕ್ಟರನನ್ನು ಕಳುಹಿಸುತ್ತಿದ್ದದ್ದು ಮದರಾಸು. ಪರೀಕ್ಷೆ ಮದರಾಸು ವಿಶ್ವವಿದ್ಯಾನಿಲಯದ್ದು, ಕೊನೆಯ ಅಪೀಲು ಮದರಾಸಿನಲ್ಲಿ. 1907ರಲ್ಲಿ ಮಂಗಳೂರಿಗೆ ರೈಲು ಬಂದಾಗ ಅದು ನಮ್ಮನ್ನು ಬೆಂಗಳೂರಿಗೆ ಸೇರಿಸಲಿಲ್ಲ, ಕೇರಳವನ್ನು ಬಳಸಿ ಇಲ್ಲಿಯ ಸೆಂಟ್ರಲ್ ಸ್ಟೇಷನ್ನಿಗೆ ಸೇರಿಸಿತು. ಘಟ್ಟದ ಮೇಲಿನ ಬೆಂಗಳೂರಿಗಿಂತ ದೂರದ ಮದರಾಸೇ ನಮಗೆ ಹತ್ತಿರವಾಗಿತ್ತು.

ಸೆಂಟ್ರಲ್ ದಾಟಿ ಸೇಂಟ್ ಜಾರ್ಜ್ ಕೋಟೆಯ ಹತ್ತಿರ ಬಂದಾಗ ಇದೆಲ್ಲ ಒಟ್ಟಿಗೇ ನೆನಪಾಗುತ್ತದೆ. ಕೋಟೆಗೆ ಜಾಗ ಸಿಕ್ಕಿದ್ದು 1639ರಲ್ಲಿ, ದಾಮರ್ಲ ವೆಂಕಟಾದ್ರಿ ನಾಯಕನಿಂದ. ಆತ ಚಂದ್ರಗಿರಿಯಲ್ಲಿದ್ದ ವಿಜಯನಗರದ ಅರಸನ ಕೈಕೆಳಗಿನವನು. ಹಂಪಿ ಹಾಳಾಗಿ ಆಗಲೇ 74 ವರ್ಷ. ಸಾಮ್ರಾಜ್ಯ ಪೂರ್ವಕ್ಕೆ ಸರಿಯುತ್ತಾ ಸರಿಯುತ್ತಾ ಕೊನೆಗೆ ಸಮುದ್ರದ ಬದಿಯ ಮರಳನ್ನು ಬರೆದುಕೊಟ್ಟಿತು. ನಾಯಕನ ತಂದೆ ಚೆನ್ನಪ್ಪನಿಂದ ಚೆನ್ನಪಟ್ಟಣ. ನಮ್ಮ ಗೊಂಬೆಗಳ ಚನ್ನಪಟ್ಟಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ಕೋಟೆಯಲ್ಲಿ ನಮ್ಮವರೂ ಮಂತ್ರಿಗಳಾಗಿದ್ದರು. 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಶುರುಮಾಡಿದ ಅತ್ತಾವರ ಬಾಲಕೃಷ್ಣ ಶೆಟ್ಟರು ಮದರಾಸಿನ ಆರೋಗ್ಯ ಮಂತ್ರಿ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಹೆಂಗಸರು ಚುನಾವಣೆಗೆ ನಿಲ್ಲುವುದೇ ಹೊಸತಾಗಿದ್ದಾಗ ನಿಂತು ಸ್ವಲ್ಪದರಲ್ಲಿ ಸೋತದ್ದು ಮದರಾಸಿನ ವಿಧಾನ ಪರಿಷತ್ತಿಗೆ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಯಾವ ಸರ್ಕಾರ ಎಂದು ಊರಿನಲ್ಲಿ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ಮೈಸೂರು ಎನ್ನುತ್ತಾರೆ. ಕೊಟ್ಟದ್ದು ಮದರಾಸು ಸರ್ಕಾರ. ನಮ್ಮ ಮನೆಗಳ ಆಸ್ತಿ ಪಾಲಿನ ಅಳಿಯ ಸಂತಾನ ಕಾಯಿದೆಯೂ ಇಲ್ಲೇ 1949ರಲ್ಲಿ ಆದದ್ದು. ಕರ್ನಾಟಕದಲ್ಲಿ ಬಹಳ ವರ್ಷ ಅದನ್ನು ಮದರಾಸು ಕಾಯಿದೆ ಎಂದೇ ಕರೆಯುತ್ತಿದ್ದರು.

ಸಮುದ್ರದ ಬದಿಯಲ್ಲೇ ದಕ್ಷಿಣಕ್ಕೆ ಹೋದರೆ ಚೆಪಾಕ್, ಮದರಾಸು ವಿಶ್ವವಿದ್ಯಾನಿಲಯ. ಕಿಟ್ಟೆಲರ 1894ರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ನಾಲ್ಕು ಸಂಪುಟಗಳಾಗಿ ತಂದದ್ದು ಈ ವಿಶ್ವವಿದ್ಯಾನಿಲಯದಿಂದ, 1968ರಿಂದ 1971ರವರೆಗೆ. ಅಂದರೆ ನಾವು ಬೇರೆಯಾಗಿ ಹನ್ನೆರಡು ವರ್ಷದ ಮೇಲೂ ಕನ್ನಡದ ದೊಡ್ಡ ನಿಘಂಟಿಗೆ ಮದರಾಸು ಹಣ ಹಾಕಿತು. 1799ರ ಯುದ್ಧದಲ್ಲಿದ್ದು, ಆಮೇಲೆ ಮೈಸೂರಿನ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಊರೂರಿನ ಶಾನುಭೋಗರಿಂದ ಬರೆಸಿ ತಂದ ಕೈಫಿಯತ್ತುಗಳ ರಾಶಿಯೂ ಈ ನಗರಕ್ಕೇ ಸೇರಿತು. 1821ರಲ್ಲಿ ಆತ ತೀರಿಕೊಂಡ ಮೇಲೆ ಹೆಂಡತಿಯಿಂದ ಕಂಪನಿ ಒಂದು ಲಕ್ಷ ರೂಪಾಯಿಗೆ ಕೊಂಡದ್ದು ಆ ಸಂಗ್ರಹ. ಅದರಲ್ಲಿನ ಕನ್ನಡದ ಭಾಗವನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ 'ಕರ್ನಾಟಕದ ಕೈಫಿಯತ್ತುಗಳು' ಎಂದು ಪ್ರಕಟಿಸಿತು. ನಿಮ್ಮ ಊರಿನ ಕೆರೆ ಕಟ್ಟಿಸಿದವರ ಹೆಸರು ಇಲ್ಲಿಯ ಕಾಗದದಲ್ಲಿ ಇದ್ದರೂ ಇರಬಹುದು.

ಒಡೆಯುವ ಕೆಲಸ ಶುರುವಾದದ್ದೂ ಈ ಊರಿನಲ್ಲೇ, ಅದೂ ಇದೇ ಚಳಿಗಾಲದಲ್ಲಿ. 1952ರ ಡಿಸೆಂಬರ್ 15ರ ರಾತ್ರಿ, ಮಾರ್ಗಳಿ ಹುಟ್ಟುವ ಹೊತ್ತಿಗೆ, ಆಂಧ್ರ ಪ್ರಾಂತ್ಯಕ್ಕಾಗಿ ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು ರಾಯಪೇಟೆ ಹೈ ರೋಡಿನ ಮನೆಯೊಂದರಲ್ಲಿ ಸತ್ತರು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಬಂತು. ಅದೇ ದಿನ ಬಳ್ಳಾರಿ ಮೈಸೂರಿಗೆ ಸೇರಿತು, ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು. ಮೂರು ವರ್ಷದ ಮೇಲೆ ನಾವೂ ಮದರಾಸಿನಿಂದ ಹೊರಬಿದ್ದೆವು. ಕಾಸರಗೋಡು ಮಾತ್ರ ನಮ್ಮ ಜೊತೆ ಬರಲಿಲ್ಲ.

ಕೊನೆಗೆ ಹೈಕೋರ್ಟು. 1892ರ ಕೆಂಪು ಕಟ್ಟಡ. ಅದರ ದೊಡ್ಡ ಗುಮ್ಮಟದ ಮೇಲೆ 1894ರಿಂದ ಬಹಳ ಕಾಲ ಊರಿನ ದೀಪಸ್ತಂಭವೇ ಉರಿಯುತ್ತಿತ್ತು. 1914ರಲ್ಲಿ ಜರ್ಮನ್ ಹಡಗು ಎಂಡನ್ ಹಾರಿಸಿದ ಗುಂಡಿನ ನೆನಪಿಗೆ ಗೋಡೆಯಲ್ಲಿ ಕಲ್ಲು ಹಾಕಿದ್ದಾರೆ. ಅಜ್ಜ 1954ರಲ್ಲಿ ಮಂಗಳೂರು ಮೇಲಿನಲ್ಲಿ ಬಂದದ್ದು ಇಲ್ಲಿಗೆ. ನಾಲ್ಕು ಎಕರೆ ಗದ್ದೆಯ ಮೂಲಗೇಣಿ ವ್ಯಾಜ್ಯ. ಪುತ್ತೂರಿನ ಮುನ್ಸೀಫ್ ಕೋರ್ಟಿನಲ್ಲಿ ಗೆದ್ದು, ಮಂಗಳೂರಿನಲ್ಲಿ ಸೋತು, ಇಲ್ಲಿ ಎರಡನೇ ಅಪೀಲು. ಜಾರ್ಜ್ ಟೌನಿನ ಒಂದು ಉಡುಪಿ ಹೋಟೆಲಿನ ಮಹಡಿಯಲ್ಲಿ ಆರು ದಿನ ಉಳಿದು, ವಕೀಲರಿಗೆ ಒಂದು ಬುಟ್ಟಿ ಅಡಿಕೆ, ಒಂದು ಡಬ್ಬಿ ಜೇನು ಕೊಟ್ಟು, ದೀಪಸ್ತಂಭ ನೋಡಿ, ಕೊತ್ತವಾಲ್ ಚಾವಡಿಯಲ್ಲಿ ಬೆಂಗಳೂರಿನ ಕಡೆಯ ಎಲೆಕೋಸು ಮೊದಲ ಬಾರಿಗೆ ಕಂಡು ವಾಪಸಾದರು. ಕೇಸು ಬೋರ್ಡಿಗೆ ಬರುವಷ್ಟರಲ್ಲಿ 1956ರ ನವೆಂಬರ್ 1 ಬಂತು. ರಾಜ್ಯ ಪುನರ್ವಿಂಗಡಣೆಯ ಕಾಯಿದೆಯಂತೆ ನಮ್ಮ ಜಿಲ್ಲೆಯ ಬಾಕಿ ಮೊಕದ್ದಮೆಗಳು ಬೆಂಗಳೂರಿನ ಮೈಸೂರು ಹೈಕೋರ್ಟಿಗೆ ವರ್ಗವಾದವು. ಫೈಲು ಹೋಯಿತು, ಮದರಾಸಿನ ವಕೀಲರು ಇಲ್ಲೇ ಉಳಿದರು, ಅಡಿಕೆ ಮತ್ತು ಜೇನು ನಷ್ಟದ ಖಾತೆಗೆ. ಬೆಂಗಳೂರಿನಲ್ಲಿ ಅಜ್ಜ ಸೋತರು.

ಏಕೀಕರಣದ ಹಬ್ಬಕ್ಕೆ ಊರೆಲ್ಲ ತೋರಣ ಕಟ್ಟಿದಾಗ ಅಜ್ಜ ಜಗಲಿಯಿಂದ ಇಳಿಯಲಿಲ್ಲವಂತೆ. "ಮದರಾಸಿನಲ್ಲಿ ಆಗಿದ್ದರೆ ಗೆಲ್ಲುತ್ತಿದ್ದೆ, ಆ ಜಡ್ಜಿಗೆ ಮೂಲಗೇಣಿ ಗೊತ್ತಿತ್ತು" ಎಂದು ಸಾಯುವವರೆಗೂ ಹೇಳಿದರು. 1974ರ ಭೂಸುಧಾರಣೆ ಬಂದ ಮೇಲೆ ನಮ್ಮ ಬಾಕಿ ಗದ್ದೆಗಳಿಗೂ ಒಕ್ಕಲುಗಳು ಡಿಕ್ಲರೇಷನ್ ಕೊಟ್ಟರು. ಧಣಿಯ ಮೊಮ್ಮಗನಾದ ನಾನು ಓದಿ ಬ್ಯಾಂಕಿನ ಕೆಲಸಕ್ಕೆ ಸೇರಿದ್ದು ಹಾಗೆ. ಅಜ್ಜನ ತಗಡಿನ ಪೆಟ್ಟಿಗೆಯಲ್ಲಿದ್ದ ಮದರಾಸಿನ ಛಾಪಾ ಕಾಗದಗಳಲ್ಲಿ ಎರಡು ನನ್ನ ಹತ್ತಿರ ಇವೆ. ಅಜ್ಜನ ರುಜು ಕನ್ನಡದಲ್ಲಿದೆ, ಮೊಹರು ಇಂಗ್ಲಿಷಿನಲ್ಲಿ, ಹಿಂಬದಿಯಲ್ಲಿ ಯಾರೋ ಗುಮಾಸ್ತ ತಮಿಳಿನಲ್ಲಿ ಬರೆದ ಒಂದು ಸಾಲು. ನಮ್ಮ ವಾಚ್‌ಮನ್‌ಗೆ ತೋರಿಸಿ ಓದಿಸಿದೆ. "ಒಂದು ರೂಪಾಯಿ ನಾಲ್ಕಾಣೆ ಬಾಕಿ" ಎಂದು ಬರೆದಿದೆಯಂತೆ.